ಸ್ಮಾರ್ಟ್ ಕ್ಲಾಸ್ ಬಂದರೆ ಮಕ್ಕಳಿಗೆ ಕಲಿಯುವ ಆಸೆ ಹುಟ್ಟುತ್ತದೆಯೇ?

2025ರ ಆಗಸ್ಟ್‌ನಲ್ಲಿ ದಕ್ಷಿಣ ಕೊರಿಯಾದ ಸಂಸತ್ತು ಒಂದು ತಿದ್ದುಪಡಿಗೆ ಒಪ್ಪಿಗೆ ಕೊಟ್ಟಿತು. ಆ ವರ್ಷದ ಮಾರ್ಚ್‌ನಲ್ಲಷ್ಟೇ ಶಾಲೆಗಳಿಗೆ ಬಂದಿದ್ದ ಎಐ ಡಿಜಿಟಲ್ ಪುಸ್ತಕಗಳು ಪಠ್ಯಪುಸ್ತಕದ ಸ್ಥಾನ ಕಳೆದುಕೊಂಡವು. ಬೇಕಿದ್ದ ಶಾಲೆ ಬಳಸಬಹುದಾದ ಪೂರಕ ಸಾಮಗ್ರಿ ಅನ್ನುವ ಮಟ್ಟಕ್ಕೆ ಇಳಿದವು. ತರಗತಿಯಲ್ಲಿ ಮೊಬೈಲ್ ಬಳಸಬಾರದು ಎಂಬ ಕಾನೂನೂ ಅದೇ ತಿಂಗಳು ಅಲ್ಲಿ ಪಾಸಾಯಿತು.

ಎರಡು ತಿಂಗಳ ನಂತರ, ಅಕ್ಟೋಬರ್‌ನಲ್ಲಿ, ನಮ್ಮ ಕೇಂದ್ರ ಶಿಕ್ಷಣ ಸಚಿವಾಲಯ ಬೇರೆಯದೇ ಸುದ್ದಿ ಕೊಟ್ಟಿತು. 2026-27ರಿಂದ 3ನೇ ತರಗತಿಯಿಂದಲೇ ಎಐ ಮತ್ತು ಕಂಪ್ಯೂಟೇಷನಲ್ ಥಿಂಕಿಂಗ್ (ಸಮಸ್ಯೆಯನ್ನು ಹಂತ ಹಂತವಾಗಿ ಬಿಡಿಸುವ ಯೋಚನಾಕ್ರಮ) ಪಠ್ಯಕ್ರಮ ಬರುತ್ತದೆ ಎಂದಿತು. ಇತ್ತ ನಮ್ಮ ಊರುಗಳ ಶಾಲೆಗಳಲ್ಲಿ ಸ್ಮಾರ್ಟ್ ಕ್ಲಾಸ್ ಉದ್ಘಾಟನೆ ನಡೆಯುತ್ತಲೇ ಇದೆ. ದಾನಿಗಳು ಟಿವಿ ಕೊಡುತ್ತಾರೆ, ಕಂಪನಿಗಳು ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣದಲ್ಲಿ ಟ್ಯಾಬ್ ಕೊಡುತ್ತವೆ. "ಇನ್ನು ಮುಂದೆ ಮಕ್ಕಳು ಆಸಕ್ತಿಯಿಂದ ಕಲಿಯುತ್ತಾರೆ" ಎಂಬ ಮಾತು ಅಲ್ಲಿ ಪ್ರತಿ ಸಲ ಕೇಳಿಬರುತ್ತದೆ.

ಓದುವ ತಂದೆ ತಾಯಿಗೆ ಗೊಂದಲವಾಗುವುದು ಸಹಜ. ಮುಂದುವರಿದ ದೇಶಗಳು ಹಿಂದಕ್ಕೆ ಹೋಗುತ್ತಿರುವಾಗ ನಾವು ಮುಂದಕ್ಕೆ ಹೋಗುತ್ತಿದ್ದೇವಾ? ಅವರು ಮಾಡಿದ ತಪ್ಪನ್ನೇ ನಾವೂ ಮಾಡುತ್ತಿದ್ದೇವಾ? ಅಥವಾ ಎರಡು ಸುದ್ದಿಗಳೂ ಬೇರೆ ಬೇರೆ ವಿಷಯದ ಬಗ್ಗೆ ಮಾತಾಡುತ್ತಿವೆಯಾ?

ಬಹುಮಟ್ಟಿಗೆ ಕೊನೆಯದೇ ನಿಜ. ಮಗುವಿನ ಕಣ್ಣನ್ನು ಹಿಡಿದಿಡುವುದು ಒಂದು ಕೆಲಸ. ಮಗುವಿಗೆ ಕಲಿಯುವ ಆಸೆ ಹುಟ್ಟಿಸುವುದು ಇನ್ನೊಂದು ಕೆಲಸ. ಮೊದಲನೆಯದನ್ನು ಯಂತ್ರ ಸುಲಭವಾಗಿ ಮಾಡುತ್ತದೆ. ಎರಡನೆಯದು ಯಾವಾಗ ಆಗುತ್ತದೆ, ಯಾವಾಗ ಆಗುವುದಿಲ್ಲ ಎಂಬುದಕ್ಕೆ ಈಗ ಸಾಕಷ್ಟು ಪುರಾವೆ ಇದೆ. ಅದರಲ್ಲಿ ಒಳ್ಳೆಯ ಪಾಲು ಭಾರತದ್ದೇ.

ಸ್ವೀಡನ್ ಹಿಂದೆ ಸರಿದದ್ದು ಯಾಕೆ?

ಈ ಚರ್ಚೆಯಲ್ಲಿ ಸ್ವೀಡನ್ ಹೆಸರು ಪದೇ ಪದೇ ಬರುತ್ತದೆ. ಲ್ಯಾಪ್‌ಟಾಪ್, ಟ್ಯಾಬ್ಲೆಟ್ ಕಡೆಗೆ ಬೇಗ ಹೊರಳಿದ ದೇಶ ಅದು. 2023ರಲ್ಲಿ ಅಲ್ಲಿನ ಸರ್ಕಾರ ದಿಕ್ಕು ಬದಲಿಸಿತು. ಶಾಲೆಗೆ ಸೇರುವ ಮೊದಲಿನ ಪುಟ್ಟ ಮಕ್ಕಳಿಗೂ ಡಿಜಿಟಲ್ ಸಾಧನ ಕಡ್ಡಾಯ ಎಂಬ ನಿಯಮವನ್ನು ಕೈಬಿಡುವುದಾಗಿ ಹೇಳಿತು. ಅಚ್ಚಾದ ಪುಸ್ತಕ ಕೊಳ್ಳಲು ಆ ವರ್ಷ 68.5 ಕೋಟಿ ಕ್ರೋನಾ ಕೊಟ್ಟಿತು. ಮುಂದಿನ ಎರಡು ವರ್ಷ ತಲಾ 50 ಕೋಟಿ ಕ್ರೋನಾ ಘೋಷಿಸಿತು.

ಸರ್ಕಾರ ಮುಂದಿಟ್ಟ ಕಾರಣಗಳಲ್ಲಿ ಒಂದು ಅಂಕಿ ಎದ್ದು ಕಾಣುತ್ತದೆ. 4ನೇ ತರಗತಿ ಮಕ್ಕಳ ಓದುವ ಸಾಮರ್ಥ್ಯವನ್ನು ಅಳೆಯುವ ಪರ್ಲ್ಸ್ ಎಂಬ ಅಂತರರಾಷ್ಟ್ರೀಯ ಪರೀಕ್ಷೆ ಇದೆ. ಅದರಲ್ಲಿ 2016ರಲ್ಲಿ ಸ್ವೀಡನ್ನಿನ ಅಂಕ 555. 2021ರಲ್ಲಿ 544.

ಇದರಿಂದ "ಪರದೆಯಿಂದಲೇ ಓದು ಕೆಟ್ಟಿತು" ಎಂದು ತೀರ್ಮಾನಿಸುವುದು ಅವಸರದ ಮಾತು. 2021 ಕೊರೊನಾ ಕಾಲ. ವಲಸೆ ಬಂದ ಮಕ್ಕಳ ಸಂಖ್ಯೆ, ಮನೆಯಲ್ಲಿ ಮಾತಾಡುವ ಭಾಷೆ, ಹೀಗೆ ಬೇರೆ ಬದಲಾವಣೆಗಳೂ ಅದೇ ಹೊತ್ತಿಗೆ ನಡೆದಿದ್ದವು. ಸ್ವೀಡನ್ನಿನ ನಿಜವಾದ ದೂರು ಇನ್ನೂ ಸರಳವಾದದ್ದು: ಪುಸ್ತಕವನ್ನು ತೆಗೆದು ಆ ಜಾಗಕ್ಕೆ ಪರದೆ ತಂದಾಗ ಕಲಿಕೆ ಹೆಚ್ಚುತ್ತದೆ ಎಂಬುದಕ್ಕೆ ಮೊದಲೇ ಯಾರೂ ಆಧಾರ ಕೇಳಲಿಲ್ಲ.

ಯುನೆಸ್ಕೊ 2023ರ ಜುಲೈನಲ್ಲಿ ಹೊರತಂದ ಜಾಗತಿಕ ಶಿಕ್ಷಣ ವರದಿಯೂ ಇದೇ ಮಾತು ಹೇಳಿತು. ಶಿಕ್ಷಣ ತಂತ್ರಜ್ಞಾನದ ಉತ್ಪನ್ನಗಳು ಸರಾಸರಿ 36 ತಿಂಗಳಿಗೊಮ್ಮೆ ಬದಲಾಗುತ್ತವೆ. ಅಷ್ಟು ಬೇಗ ಬದಲಾಗುವ ವಸ್ತು ಮಕ್ಕಳ ಮೇಲೆ ಏನು ಪರಿಣಾಮ ಬೀರಿತು ಎಂದು ಅಳೆದು ಮುಗಿಸುವ ಹೊತ್ತಿಗೆ ಅದರ ಮುಂದಿನ ಆವೃತ್ತಿ ಮಾರಾಟಕ್ಕೆ ಬಂದಿರುತ್ತದೆ.

15 ವರ್ಷದ ಮಕ್ಕಳ ಮೇಲೆ ನಡೆಯುವ ಪೀಸಾ ಪರೀಕ್ಷೆ ಇನ್ನೊಂದು ಸುಳಿವು ಕೊಡುತ್ತದೆ. ಅದರ 2022ರ ಫಲಿತಾಂಶ ನೋಡಿ. ಶಾಲೆಯಲ್ಲಿ ಕಲಿಕೆಗಾಗಿ ದಿನಕ್ಕೆ ಒಂದು ಗಂಟೆಯವರೆಗೆ ಡಿಜಿಟಲ್ ಸಾಧನ ಬಳಸಿದ ಮಕ್ಕಳು, ಬಳಸದೇ ಇದ್ದವರಿಗಿಂತ ಗಣಿತದಲ್ಲಿ 14 ಅಂಕ ಮುಂದಿದ್ದರು. ಮನೆಯ ಆರ್ಥಿಕ ಸ್ಥಿತಿಯ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲಿನ ಅಂಕಿ ಇದು. ಆದರೆ ಪಕ್ಕದವರು ಸಾಧನ ಬಳಸುವುದರಿಂದ ತಮ್ಮ ಗಮನ ಹಾಳಾಗುತ್ತದೆ ಎಂದ ಮಕ್ಕಳು ಗಣಿತದಲ್ಲಿ 15 ಅಂಕ ಹಿಂದಿದ್ದರು. ಒಂದೇ ಪರೀಕ್ಷೆಯಲ್ಲಿ ಲಾಭವೂ ಇದೆ, ನಷ್ಟವೂ ಇದೆ. ವ್ಯತ್ಯಾಸ ಇರುವುದು ಎಷ್ಟು ಹೊತ್ತು ಬಳಸಿದರು, ಯಾವುದಕ್ಕೆ ಬಳಸಿದರು ಎಂಬುದರಲ್ಲಿ.

ಕರ್ನಾಟಕಕ್ಕೆ ಇದು ಮೊದಲನೆಯ ಸಲವಲ್ಲ

ನಮ್ಮಲ್ಲಿ ಈ ಆಸೆಗೆ ಐವತ್ತು ವರ್ಷವಾಯಿತು. 1975ರ ಆಗಸ್ಟ್ 1ರಂದು ಸೈಟ್ ಎಂಬ ಉಪಗ್ರಹ ಟಿವಿ ಪ್ರಯೋಗ ಶುರುವಾಯಿತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ಬಂತು. ಅದರಲ್ಲಿ ನಮ್ಮ ಕಲಬುರಗಿ ಭಾಗದ ಹಳ್ಳಿಗಳೂ ಇದ್ದವು. ಬೆಳಗ್ಗೆ ಶಾಲಾ ಮಕ್ಕಳಿಗೆ ಕಾರ್ಯಕ್ರಮ, ಸಂಜೆ ದೊಡ್ಡವರಿಗೆ. ಉಪಗ್ರಹ ಅಮೆರಿಕದ ನಾಸಾ ಒಂದು ವರ್ಷಕ್ಕೆ ಕೊಟ್ಟಿದ್ದು. 1976ರ ಜುಲೈ ಕೊನೆಗೆ ಪ್ರಯೋಗ ಮುಗಿಯಿತು.

ಆಮೇಲೆ ಹೈಸ್ಕೂಲುಗಳಿಗೆ ಕಂಪ್ಯೂಟರ್ ಕೊಠಡಿ ಬಂತು. 2000ದ ದಶಕದ ಆರಂಭದ ‘ಮಾಹಿತಿ ಸಿಂಧು’ ಯೋಜನೆ ಹಲವರಿಗೆ ನೆನಪಿರಬಹುದು. 2004ರ ಸೆಪ್ಟೆಂಬರ್‌ನಲ್ಲಿ ಇಸ್ರೋ ಶಿಕ್ಷಣಕ್ಕಾಗಿಯೇ ಎಜುಸ್ಯಾಟ್ ಉಪಗ್ರಹ ಹಾರಿಸಿತು. ಪ್ರಾಥಮಿಕ ಶಾಲೆಗಳಿಗೆ ಅದರ ಪಾಠ ತಲುಪಿಸುವ ಪ್ರಯೋಗಕ್ಕೆ ಆರಿಸಿದ್ದು ಚಾಮರಾಜನಗರ ಜಿಲ್ಲೆಯನ್ನು. 2010ರಲ್ಲಿ ಆ ಉಪಗ್ರಹದ ಆಯಸ್ಸು ಮುಗಿಯಿತು. 2017ರಲ್ಲಿ ದೀಕ್ಷಾ ಎಂಬ ಆನ್‌ಲೈನ್ ಪಾಠಗಳ ವೇದಿಕೆ ಬಂತು. ಪಠ್ಯಪುಸ್ತಕದ ಪುಟಗಳಲ್ಲಿ ಕಾಣುವ ಕ್ಯೂಆರ್ ಕೋಡ್ ಅದರದ್ದೇ.

ಈ ಯೋಜನೆಗಳೆಲ್ಲ ವ್ಯರ್ಥ ಎನ್ನಲಾಗದು. ಆದರೆ ಒಂದು ಕ್ರಮ ಮರುಕಳಿಸಿದೆ. ಸಾಧನಕ್ಕೆ ಒಮ್ಮೆ ಹಣ ಬರುತ್ತದೆ. ಅದನ್ನು ನಡೆಸಲು ಪ್ರತಿ ವರ್ಷ ಬೇಕಾದ ಹಣ ಬರುವುದಿಲ್ಲ. ಯುಪಿಎಸ್ ಬ್ಯಾಟರಿ ಸಾಯುತ್ತದೆ, ಪ್ರೊಜೆಕ್ಟರಿನ ದೀಪ ಹೋಗುತ್ತದೆ, ಗುತ್ತಿಗೆಯ ಕಂಪ್ಯೂಟರ್ ಶಿಕ್ಷಕರ ಅವಧಿ ಮುಗಿಯುತ್ತದೆ. ಕೊಠಡಿಗೆ ಬೀಗ ಬೀಳುತ್ತದೆ. ಕೆಲವು ವರ್ಷದ ನಂತರ ಹೊಸ ಹೆಸರಿನಲ್ಲಿ ಹೊಸ ಸಾಧನ ಬರುತ್ತದೆ.

ಯಾರು ಏನು ಹೇಳುತ್ತಾರೆ?

ಸ್ಮಾರ್ಟ್ ಕ್ಲಾಸ್ ಬೇಕು ಅನ್ನುವವರ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅವರ ಮೊದಲ ಪ್ರಶ್ನೆ ನ್ಯಾಯದ್ದು. ಬೆಂಗಳೂರಿನ ಖಾಸಗಿ ಶಾಲೆಯ ಮಗುವಿಗೆ ಸಿಗುವ ಸಾಧನ ಯಾದಗಿರಿಯ ಸರ್ಕಾರಿ ಶಾಲೆಯ ಮಗುವಿಗೆ ಯಾಕೆ ಸಿಗಬಾರದು? ಏಕೋಪಾಧ್ಯಾಯ ಶಾಲೆಯ ಮಾತನ್ನೂ ಅವರು ಎತ್ತುತ್ತಾರೆ. ಒಬ್ಬರೇ ಶಿಕ್ಷಕರು ನಾಲ್ಕೈದು ತರಗತಿ ನೋಡಿಕೊಳ್ಳುವ ಕಡೆ, ಒಂದು ಗುಂಪು ವಿಡಿಯೊ ಪಾಠ ನೋಡುತ್ತಿದ್ದರೆ ಇನ್ನೊಂದು ಗುಂಪಿಗೆ ಪಾಠ ಮಾಡಬಹುದು. ವಿಜ್ಞಾನದಲ್ಲಿ ಪ್ರಯೋಗಾಲಯ ಇಲ್ಲದ ಕಡೆ ಹೃದಯ ಹೇಗೆ ಬಡಿಯುತ್ತದೆ ಎಂಬುದನ್ನು ತೋರಿಸಲು ಸೀಮೆಸುಣ್ಣದ ಚಿತ್ರಕ್ಕಿಂತ ಅನಿಮೇಷನ್ ಒಳ್ಳೆಯದು. ಇದೂ ನಿಜವೇ.

ಬೇಡ ಅನ್ನುವವರು ಹಣದ ಲೆಕ್ಕ ಕೇಳುತ್ತಾರೆ. ಖಾಲಿ ಇರುವ ಶಿಕ್ಷಕರ ಹುದ್ದೆ ತುಂಬದೆ ಟಿವಿ ಯಾಕೆ? ಇನ್ನು ಮನೆಯಲ್ಲಿ ಮೊಬೈಲ್ ಬಿಡಿಸಲು ಹೆಣಗುವ ಪೋಷಕರಿಗೆ ಶಾಲೆಯೂ ಪರದೆಯನ್ನೇ ಕೊಡುವುದು ಸರಿ ಕಾಣುವುದಿಲ್ಲ. ಅವರ ಆತಂಕಕ್ಕೆ ಆಧಾರವೂ ಇದೆ. ಗ್ರಾಮೀಣ ಭಾರತದ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ 2024ರ ಸಮೀಕ್ಷೆಯಲ್ಲಿ 14ರಿಂದ 16 ವರ್ಷದ ಮಕ್ಕಳಲ್ಲಿ ಶೇ. 82ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತಿತ್ತು. ಅವರಲ್ಲಿ ಹಿಂದಿನ ವಾರ ಕಲಿಕೆಗಾಗಿ ಬಳಸಿದವರು ಶೇ. 57. ಸೋಷಿಯಲ್ ಮೀಡಿಯಾಕ್ಕೆ ಬಳಸಿದವರು ಶೇ. 76.

ಶಿಕ್ಷಕರ ದನಿ ಈ ಎರಡರ ನಡುವೆ ಸಿಕ್ಕಿಕೊಂಡಿದೆ. ಅವರ ಪಾಲಿಗೆ ತಂತ್ರಜ್ಞಾನ ಅಂದರೆ ಹೆಚ್ಚಾಗಿ ಪಾಠದ ಸಾಧನವಾಗಿ ಬಂದಿಲ್ಲ. ಮಕ್ಕಳ ದಾಖಲೆ ಇಡುವ ಎಸ್‌ಎಟಿಎಸ್ ಎಂಬ ಸರ್ಕಾರಿ ಜಾಲತಾಣಕ್ಕೆ ಮಾಹಿತಿ ತುಂಬುವುದು, ಬಿಸಿಯೂಟದ ಲೆಕ್ಕ ಹಾಕುವುದು, ಫೋಟೊ ಅಪ್‌ಲೋಡ್ ಮಾಡುವುದು, ಇವೇ ಆಗಿವೆ. ಯಂತ್ರ ಸಮಯ ಉಳಿಸುತ್ತದೆ ಅಂತ ಹೇಳಿ ಅವರ ಸಮಯವನ್ನೇ ಕಿತ್ತುಕೊಂಡಿದೆ. ಈ ದೂರಿಗೆ ಸಿಗಬೇಕಾದ ಬೆಲೆ ಸಿಕ್ಕಿಲ್ಲ.

ಗಮನ ಹಿಡಿಯುವುದು, ಆಸೆ ಹುಟ್ಟಿಸುವುದು

ಈಗ ಮುಖ್ಯ ಪ್ರಶ್ನೆಗೆ ಬರೋಣ. ಸಾಧನ ನೋಡಿದ ಕೂಡಲೇ ಮಕ್ಕಳ ಮುಖ ಅರಳುತ್ತದೆ. ಅದು ಸುಳ್ಳಲ್ಲ. ಆದರೆ ಆ ಉತ್ಸಾಹ ಯಾವುದರ ಬಗ್ಗೆ? ಹೊಸ ವಸ್ತುವಿನ ಬಗ್ಗೆಯೋ, ಭಿನ್ನರಾಶಿಯ ಬಗ್ಗೆಯೋ?

ಅಮೆರಿಕದ ಶಿಕ್ಷಣ ಸಂಶೋಧಕ ರಿಚರ್ಡ್ ಕ್ಲಾರ್ಕ್ 1983ರಲ್ಲಿ ಈ ಪ್ರಶ್ನೆ ಎತ್ತಿದರು. ಹೊಸ ಮಾಧ್ಯಮ ಬಂದಾಗ ಮಕ್ಕಳು ಮೊದಲ ಕೆಲವು ವಾರ ಜಾಸ್ತಿ ಶ್ರಮ ಹಾಕುತ್ತಾರೆ, ಹೊಸತನ ಕಳೆದಂತೆ ಆ ಲಾಭವೂ ಕರಗುತ್ತದೆ ಎಂದು ಅವರು ತೋರಿಸಿದರು. ಅವರ ಹೋಲಿಕೆ ಪ್ರಸಿದ್ಧ: ದಿನಸಿ ತರುವ ಲಾರಿ ಬದಲಾದರೆ ನಮ್ಮ ಊಟದ ಪೌಷ್ಟಿಕತೆ ಬದಲಾಗುವುದಿಲ್ಲ. ಹಾಗೇ ಪಾಠ ತರುವ ಮಾಧ್ಯಮ ಬದಲಾದ ಮಾತ್ರಕ್ಕೆ ಕಲಿಕೆ ಬದಲಾಗುವುದಿಲ್ಲ.

ಇವತ್ತಿನ ಆ್ಯಪ್‌ಗಳು ಇದಕ್ಕೊಂದು ಉಪಾಯ ಹುಡುಕಿವೆ. ಪಾಯಿಂಟ್, ನಕ್ಷತ್ರ, ಬ್ಯಾಡ್ಜ್, ಯಾರು ಮುಂದಿದ್ದಾರೆ ಎಂಬ ಪಟ್ಟಿ. ಆಟದ ರುಚಿಯನ್ನು ಪಾಠಕ್ಕೆ ಸೇರಿಸುವುದು. ಇಲ್ಲಿ 1973ರ ಒಂದು ಪ್ರಯೋಗವನ್ನು ನೆನಪಿಸಿಕೊಳ್ಳಬೇಕು. ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು ಚಿತ್ರ ಬಿಡಿಸುವುದು ಇಷ್ಟವಿದ್ದ ಪುಟ್ಟ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ "ಚಿತ್ರ ಬಿಡಿಸಿದರೆ ಬಹುಮಾನ ಕೊಡುತ್ತೇವೆ" ಎಂದು ಮೊದಲೇ ಹೇಳಿದರು. ಇನ್ನೊಂದಕ್ಕೆ ಹೇಳದೆ ಕೊನೆಗೆ ಕೊಟ್ಟರು. ಮೂರನೆಯದಕ್ಕೆ ಏನೂ ಕೊಡಲಿಲ್ಲ. ಕೆಲವು ದಿನ ಬಿಟ್ಟು ಬಿಡುವಿನ ವೇಳೆಯಲ್ಲಿ ನೋಡಿದರೆ, ಬಹುಮಾನಕ್ಕಾಗಿಯೇ ಬಿಡಿಸಿದ್ದ ಮಕ್ಕಳು ಉಳಿದವರಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಬಣ್ಣದ ಪೆನ್ನು ಹಿಡಿದರು. ಮೊದಲು ತಾನಾಗಿ ಇದ್ದ ಇಷ್ಟ, ಬಹುಮಾನ ಬಂದ ಮೇಲೆ ಕೂಲಿಯ ಕೆಲಸವಾಯಿತು.

ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಹೇನಸ್ ಮತ್ತು ಫಾಕ್ಸ್ ಎಂಬ ಸಂಶೋಧಕರು 16 ವಾರ ಇದನ್ನೇ ತರಗತಿಯಲ್ಲಿ ಪರೀಕ್ಷಿಸಿದರು. 2015ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ಬ್ಯಾಡ್ಜ್ ಮತ್ತು ರ‍್ಯಾಂಕ್ ಪಟ್ಟಿ ಇದ್ದ ತರಗತಿಯ ವಿದ್ಯಾರ್ಥಿಗಳ ಆಸಕ್ತಿ ಕಾಲ ಕಳೆದಂತೆ ಇಳಿಯಿತು. ಅಂತಿಮ ಪರೀಕ್ಷೆಯ ಅಂಕವೂ ಕಡಿಮೆಯಾಯಿತು.

ಹಾಗಾದರೆ ಆಸೆ ಎಲ್ಲಿಂದ ಹುಟ್ಟುತ್ತದೆ? ಮನೋವಿಜ್ಞಾನಿಗಳಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಅವರ ದಶಕಗಳ ಕೆಲಸ ಮೂರು ಬೇರುಗಳನ್ನು ಗುರುತಿಸುತ್ತದೆ. ಇದು ನಾನಾಗಿ ಮಾಡುತ್ತಿರುವ ಕೆಲಸ ಅನ್ನಿಸಬೇಕು. ನನಗೆ ಇದು ಬರುತ್ತದೆ ಅನ್ನಿಸಬೇಕು. ನನ್ನನ್ನು ಗಮನಿಸುವ ಒಬ್ಬರು ಇದ್ದಾರೆ ಅನ್ನಿಸಬೇಕು.

ನಮ್ಮ ತರಗತಿಗಳ ಮಟ್ಟಿಗೆ ಎರಡನೆಯದೇ ಅತ್ಯಂತ ದೊಡ್ಡ ಕೊರತೆ. ಅಸರ್ 2024ರ ಪ್ರಕಾರ ಗ್ರಾಮೀಣ ಭಾರತದಲ್ಲಿ 5ನೇ ತರಗತಿಯ ಮಕ್ಕಳಲ್ಲಿ 2ನೇ ತರಗತಿಯ ಪಾಠ ಓದಬಲ್ಲವರು ಶೇ. 48.8. ಭಾಗಾಕಾರ ಮಾಡಬಲ್ಲವರು ಶೇ. 30.7. ಉಳಿದ ಮಗು ದಿನವೂ ಶಾಲೆಗೆ ಬಂದು ತನಗೆ ಅರ್ಥವಾಗದ ಪಾಠದ ಮುಂದೆ ಕೂರುತ್ತದೆ. ಅದಕ್ಕೆ "ಆಸಕ್ತಿ ಇಲ್ಲ" ಎಂದು ನಾವು ಹೆಸರಿಡುತ್ತೇವೆ. ವರ್ಷಗಟ್ಟಲೆ ಅರ್ಥವಾಗದ್ದನ್ನು ಕೇಳಿಸಿಕೊಂಡರೆ ಯಾರಿಗೆ ತಾನೇ ಆಸಕ್ತಿ ಉಳಿಯುತ್ತದೆ? ಅದೇ ಅರ್ಥವಾಗದ ಪಾಠವನ್ನು 65 ಇಂಚಿನ ಪರದೆಯ ಮೇಲೆ ಬಣ್ಣದಲ್ಲಿ ತೋರಿಸಿದರೆ ಮಗು ನೋಡುತ್ತದೆ. ಕಲಿಯುವುದಿಲ್ಲ.

ದೆಹಲಿ, ಗುಜರಾತ್, ಪೆರು: ಒಂದೇ ಕಂಪ್ಯೂಟರ್, ಬೇರೆ ಫಲ

ಪೆರು ದೇಶ ‘ಮಗುವಿಗೊಂದು ಲ್ಯಾಪ್‌ಟಾಪ್’ ಯೋಜನೆಯಲ್ಲಿ ಲಕ್ಷಾಂತರ ಲ್ಯಾಪ್‌ಟಾಪ್ ಹಂಚಿತು. 319 ಹಳ್ಳಿ ಶಾಲೆಗಳಲ್ಲಿ ಅದರ ಫಲವನ್ನು ಅಳೆದರು. ಮಕ್ಕಳು ಕಂಪ್ಯೂಟರ್ ಬಳಸುವುದು ಬಹಳ ಹೆಚ್ಚಾಯಿತು. ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಅಂಕ ಹೆಚ್ಚಲಿಲ್ಲ. ಸಾಮಾನ್ಯ ಬುದ್ಧಿಶಕ್ತಿಯ ಕೆಲವು ಪರೀಕ್ಷೆಗಳಲ್ಲಿ ಮಾತ್ರ ಸ್ವಲ್ಪ ಲಾಭ ಕಂಡಿತು. ಸಾಧನ ಕೊಟ್ಟರು, ಅದರಲ್ಲಿ ಯಾವ ಪಾಠ, ಯಾರು ಕಲಿಸುತ್ತಾರೆ ಎಂಬುದನ್ನು ಕೊಡಲಿಲ್ಲ.

ದೆಹಲಿಯ ಕಥೆ ಬೇರೆ. ಕಾರ್ತಿಕ್ ಮುರಳೀಧರನ್, ಅಭಿಜೀತ್ ಸಿಂಗ್, ಅಲೆಹಾಂದ್ರೊ ಗನಿಮಿಯನ್ ಎಂಬ ಅರ್ಥಶಾಸ್ತ್ರಜ್ಞರು ಮೈಂಡ್‌ಸ್ಪಾರ್ಕ್ ಎಂಬ ಸಾಫ್ಟ್‌ವೇರ್ ಬಳಸುವ ಕೇಂದ್ರಗಳನ್ನು ಅಧ್ಯಯನ ಮಾಡಿದರು. 619 ಮಕ್ಕಳು. ಯಾರಿಗೆ ಪ್ರವೇಶ ಎಂಬುದನ್ನು ಲಾಟರಿ ಎತ್ತಿ ಆರಿಸಿದ್ದರು. ಹಾಗಾಗಿ ಎರಡು ಗುಂಪುಗಳ ಹೋಲಿಕೆ ನ್ಯಾಯವಾಗಿತ್ತು. ನಾಲ್ಕೂವರೆ ತಿಂಗಳಲ್ಲಿ ಗಣಿತದಲ್ಲಿ ಆದ ಲಾಭವನ್ನು ಸರಳವಾಗಿ ಹೀಗೆ ಹೇಳಬಹುದು: 100 ಮಕ್ಕಳ ಸಾಲಿನಲ್ಲಿ ಕೆಳಗಿನಿಂದ 50ನೆಯ ಜಾಗದಲ್ಲಿದ್ದ ಮಗು ಸುಮಾರು 64ನೆಯ ಜಾಗಕ್ಕೆ ಏರಿದಂತೆ. ಹಿಂದಿಯಲ್ಲಿ ಸುಮಾರು 59ಕ್ಕೆ.

ಯಾಕೆ ಕೆಲಸ ಮಾಡಿತು? ಪರೀಕ್ಷಿಸಿ ನೋಡಿದಾಗ 6ನೇ ತರಗತಿಯ ಮಕ್ಕಳು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿ ಹಿಂದಿದ್ದರು. ಮೇಲಿನ ತರಗತಿಗೆ ಹೋದಂತೆ ಆ ಅಂತರ ಬೆಳೆಯುತ್ತಿತ್ತು. ಶಾಲೆಯ ಪಾಠ 6ನೇ ತರಗತಿಯ ಪುಸ್ತಕದಂತೆ ನಡೆಯುತ್ತಿತ್ತು. ಸಾಫ್ಟ್‌ವೇರ್ ಮಾತ್ರ ಪ್ರತಿ ಮಗು ಎಲ್ಲಿದೆ ಎಂದು ಮೊದಲು ನೋಡಿ, ಅಲ್ಲಿಂದ ಶುರುಮಾಡಿತು. 3ನೇ ತರಗತಿಯ ಮಟ್ಟದ ಮಗುವಿಗೆ 3ನೇ ತರಗತಿಯ ಲೆಕ್ಕ. ಅದು ಬಂತು ಅಂದರೆ ಮುಂದಿನದು. "ನನಗೂ ಬರುತ್ತೆ" ಅನ್ನುವ ಅನುಭವ ಆ ಮಗುವಿಗೆ ಎಷ್ಟೋ ಕಾಲದ ಮೇಲೆ ಸಿಕ್ಕಿತು.

ಇಲ್ಲಿ ಒಂದು ವಿವರವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ದಿನದ 90 ನಿಮಿಷದಲ್ಲಿ ಕಂಪ್ಯೂಟರ್ ಮುಂದೆ ಕೂತದ್ದು 45 ನಿಮಿಷ. ಉಳಿದ 45 ನಿಮಿಷ ಸಣ್ಣ ಗುಂಪಿನಲ್ಲಿ ಒಬ್ಬ ಬೋಧಕರ ಜೊತೆ. ಇಡೀ ಕೇಂದ್ರ ನಡೆದದ್ದು ಶಾಲೆಯ ಸಮಯದ ಹೊರಗೆ. ಅಂದರೆ ಶಾಲೆಯ ಪಾಠವನ್ನು ಕಿತ್ತು ಆ ಜಾಗದಲ್ಲಿ ಇಟ್ಟದ್ದಲ್ಲ.

ಈ ಕೊನೆಯ ಮಾತು ಎಷ್ಟು ಮುಖ್ಯ ಎಂಬುದನ್ನು ಗುಜರಾತಿನ ಜ್ಞಾನಶಾಲಾ ಎಂಬ ಸಂಸ್ಥೆಯ ಶಾಲೆಗಳಲ್ಲಿ ನಡೆದ ಪ್ರಯೋಗ ತೋರಿಸಿತು. ಲೀ ಲಿಂಡನ್ ಅವರ 2008ರ ಅಧ್ಯಯನ ಅದು. ಅದೇ ಗಣಿತದ ಸಾಫ್ಟ್‌ವೇರ್, ಅಂಥದೇ ಮಕ್ಕಳು. ಕೆಲವು ಕಡೆ ಶಾಲೆ ಮುಗಿದ ಮೇಲೆ ಹೆಚ್ಚುವರಿಯಾಗಿ ಬಳಸಿದರು. ಅಲ್ಲಿ 50ನೆಯ ಜಾಗದ ಮಗು ಸುಮಾರು 61ಕ್ಕೆ ಏರಿತು. ಇನ್ನು ಕೆಲವು ಕಡೆ ಶಿಕ್ಷಕರ ಪಾಠದ ಹೊತ್ತನ್ನು ತೆಗೆದು ಕಂಪ್ಯೂಟರಿಗೆ ಕೊಟ್ಟರು. ಅಲ್ಲಿ 50ನೆಯ ಜಾಗದ ಮಗು ಸುಮಾರು 28ಕ್ಕೆ ಜಾರಿತು. ಆ ಶಾಲೆಗಳ ಶಿಕ್ಷಕರು ಮೊದಲೇ ಚೆನ್ನಾಗಿ ಕಲಿಸುತ್ತಿದ್ದರು. ಒಳ್ಳೆಯ ಪಾಠವನ್ನು ತೆಗೆದರೆ ಅದಕ್ಕಿಂತ ಕಡಿಮೆಯದು ಬಂದು ಕೂರುತ್ತದೆ.

ಪಾಕಿಸ್ತಾನದ ಪಂಜಾಬಿನಲ್ಲಿ 8ನೇ ತರಗತಿಯ ಗಣಿತ ಮತ್ತು ವಿಜ್ಞಾನದಲ್ಲೂ ಇಂಥದೇ ಎರಡು ಪ್ರಯೋಗ ನಡೆದವು. ಶಿಕ್ಷಕರಿಗೆ ಪಠ್ಯಕ್ಕೆ ಹೊಂದುವ ಚಿಕ್ಕ ವಿಡಿಯೊಗಳು, ತರಗತಿಗೊಂದು ಪರದೆ, ಜೊತೆಗೆ ತರಬೇತಿ ಕೊಟ್ಟಾಗ ಮಕ್ಕಳ ಅಂಕ ಏರಿತು. ಶಿಕ್ಷಕರನ್ನು ಬದಿಗಿಟ್ಟು ಅದೇ ಸಾಮಗ್ರಿಯ ಟ್ಯಾಬ್‌ಗಳನ್ನು ನೇರವಾಗಿ ಮಕ್ಕಳ ಕೈಗೆ ಕೊಟ್ಟಾಗ ಅಂಕ ಇಳಿಯಿತು.

ಮೌಸ್ ಯಾರ ಕೈಯಲ್ಲಿ?

2000ದ ದಶಕದಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನವರು ಸರ್ಕಾರಿ ಶಾಲೆಗಳ ಕಂಪ್ಯೂಟರ್ ಕೊಠಡಿಗಳನ್ನು ಗಮನಿಸಿದರು. ಒಂದು ಕಂಪ್ಯೂಟರ್ ಸುತ್ತ ಐದಾರು ಮಕ್ಕಳು. ಮೌಸ್ ಮಾತ್ರ ಒಬ್ಬರದೇ ಕೈಯಲ್ಲಿ. ಹೆಚ್ಚಾಗಿ ಗುಂಪಿನಲ್ಲಿ ಮುಂದಿರುವ ಹುಡುಗನ ಕೈಯಲ್ಲಿ. ಉಳಿದವರು ನೋಡುವವರು. ಅದಕ್ಕೆ ಅವರು ಒಂದೇ ಕಂಪ್ಯೂಟರಿಗೆ ಹಲವು ಮೌಸ್ ಜೋಡಿಸಿ, ಪ್ರತಿಯೊಂದಕ್ಕೂ ಬೇರೆ ಬಣ್ಣದ ಗುರುತು ಕೊಡುವ ಮಲ್ಟಿಪಾಯಿಂಟ್ ಎಂಬ ವ್ಯವಸ್ಥೆ ಮಾಡಿದರು. ಅಗ್ಗದ ಉಪಾಯ. ಹಿಂದೆ ನಿಂತಿದ್ದ ಮಕ್ಕಳೂ ಕೆಲಸಕ್ಕೆ ಇಳಿದರು.

ಆ ತಂಡದಲ್ಲಿದ್ದ ಕೆಂಟಾರೊ ಟೊಯಾಮ ಇಂಥ ಹತ್ತಾರು ಪ್ರಯೋಗಗಳ ನಂತರ ಒಂದು ತೀರ್ಮಾನಕ್ಕೆ ಬಂದರು. ತಂತ್ರಜ್ಞಾನ ಇರುವುದನ್ನೇ ಹಿಗ್ಗಿಸುತ್ತದೆ. ಚೆನ್ನಾಗಿ ನಡೆಯುವ ಶಾಲೆಯನ್ನು ಇನ್ನಷ್ಟು ಚೆನ್ನಾಗಿಸುತ್ತದೆ. ಕುಂಟುವ ಶಾಲೆಯನ್ನು ಎತ್ತಿ ನಿಲ್ಲಿಸುವುದಿಲ್ಲ. ಪೆರು ಮತ್ತು ದೆಹಲಿಯ ಫಲ ಯಾಕೆ ಅಷ್ಟು ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ವಿವರಣೆ ಸಿಗುವುದು ಕಷ್ಟ.

ನಮ್ಮಲ್ಲೇ ಒಳ್ಳೆಯ ದಾರಿಯೂ ಇತ್ತು. ಡಿಎಸ್‌ಇಆರ್‌ಟಿ (ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ) ಹಿಂದೆ ವಿಷಯ ಶಿಕ್ಷಕರ ವೇದಿಕೆಗಳನ್ನು ಕಟ್ಟಿ, ಗಣಿತ ಶಿಕ್ಷಕರಿಗೆ ಜಿಯೋಜೀಬ್ರಾದಂಥ ಉಚಿತ ಸಾಫ್ಟ್‌ವೇರ್ ಕಲಿಸಿತ್ತು. ಪರದೆಯ ಮೇಲೆ ಒಂದು ತ್ರಿಭುಜ. ಅದರ ಮೂಲೆಯನ್ನು ಎಳೆಯಿರಿ. ಒಂದು ಕೋನ ದೊಡ್ಡದಾಗುತ್ತದೆ, ಇನ್ನೊಂದು ಚಿಕ್ಕದಾಗುತ್ತದೆ. ಮೊತ್ತ ಮಾತ್ರ 180 ಡಿಗ್ರಿಯಲ್ಲೇ ನಿಲ್ಲುತ್ತದೆ. ಎಷ್ಟು ಎಳೆದರೂ ಅಷ್ಟೇ. "ಯಾಕೆ ಸರ್?" ಎಂದು ಮಗು ಕೇಳುವುದು ಆಗಲೇ. ಆ ಪ್ರಶ್ನೆ ಬಂದರೆ ಸಾಧನ ತನ್ನ ಕೆಲಸ ಮಾಡಿದಂತೆ. ಅದನ್ನು ಹಿಡಿದು ಮುಂದೆ ಒಯ್ಯಲು ಶಿಕ್ಷಕರೇ ಬೇಕು.

ನಲಿಕಲಿ ಕಾರ್ಡು, ಒಂದು ಫೋನ್ ಕರೆ

ಮಗು ಎಲ್ಲಿದೆಯೋ ಅಲ್ಲಿಂದ ಶುರುಮಾಡುವುದಕ್ಕೆ ಕಂಪ್ಯೂಟರೇ ಬೇಕು ಅಂತೇನೂ ಇಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿಕಲಿ ಅದನ್ನೇ ರಟ್ಟಿನ ಕಾರ್ಡುಗಳಲ್ಲಿ ಮಾಡಿತು. ಕಲಿಕಾ ಏಣಿಯಲ್ಲಿ ಪ್ರತಿ ಮಗುವಿಗೂ ಅದರದೇ ಮೆಟ್ಟಿಲು. ಒಂದು ಮುಗಿದ ಮೇಲೆ ಇನ್ನೊಂದು. ಪಕ್ಕದ ಮಗು ಮುಂದೆ ಹೋಯಿತು ಅಂತ ಈ ಮಗು ಪಾಠ ಕಳೆದುಕೊಳ್ಳುವುದಿಲ್ಲ. ನಲಿಕಲಿಯನ್ನು ರಾಜ್ಯದ ತುಂಬ ಹರಡಿದ ಮೇಲೆ ಕಾರ್ಡುಗಳ ಕೊರತೆ, ತರಬೇತಿಯ ಕೊರತೆ ಎಂಬ ದೂರುಗಳು ಬಂದವು. ಸರಿಯಾಗಿ ನಡೆಸಲು ಹಣ ಮತ್ತು ಮನಸ್ಸು ಎರಡೂ ಬೇಕು ಎಂಬ ಮಾತು ರಟ್ಟಿನ ಕಾರ್ಡಿಗೂ ಅನ್ವಯಿಸುತ್ತದೆ.

ಇನ್ನೂ ಸರಳ ಸಾಧನವೊಂದರ ಪುರಾವೆ ಆಫ್ರಿಕಾದ ಬೋಟ್ಸ್ವಾನಾ ದೇಶದಿಂದ ಬಂತು. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದ್ದಾಗ ಒಂದಷ್ಟು ಮನೆಗಳಿಗೆ ವಾರಕ್ಕೊಮ್ಮೆ ಲೆಕ್ಕದ ಎಸ್‌ಎಂಎಸ್ ಕಳಿಸಿದರು. ಇನ್ನೊಂದಷ್ಟು ಮನೆಗಳಿಗೆ ಎಸ್‌ಎಂಎಸ್ ಜೊತೆ 15-20 ನಿಮಿಷದ ಫೋನ್ ಕರೆಯೂ ಹೋಯಿತು. ಎಸ್‌ಎಂಎಸ್ ಮಾತ್ರ ಹೋದ ಕಡೆ ಗುರುತಿಸುವಂಥ ಲಾಭ ಕಾಣಲಿಲ್ಲ. ಕರೆಯೂ ಹೋದ ಕಡೆ ಮಕ್ಕಳು ಕಲಿತರು. ಕರೆ ಮಾಡಿದವರು ಮಗುವಿನ ಮಟ್ಟಕ್ಕೆ ತಕ್ಕ ಲೆಕ್ಕ ಕೊಡುತ್ತಿದ್ದರು. ಮಗುವಿನ ಹೆಸರು ಹಿಡಿದು ಕರೆಯುವ ಒಬ್ಬರು ಆ ಕಡೆ ಇದ್ದರು. ಕರ್ನಾಟಕದ ‘ಗಣಿತ-ಗಣಕ’ ಕಾರ್ಯಕ್ರಮ ಇದೇ ದಾರಿಯದ್ದು. 3ರಿಂದ 5ನೇ ತರಗತಿಯ ಮಕ್ಕಳಿಗೆ ಫೋನಿನಲ್ಲೇ ಗಣಿತ ಹೇಳಿಕೊಡುವುದು. ಇದಕ್ಕೆ ಮನೆಯಲ್ಲಿರುವ ಸಾದಾ ಫೋನ್ ಸಾಕು. ಇದರ ಉದ್ಘಾಟನೆಗೆ ಕತ್ತರಿಸಲು ರಿಬ್ಬನ್ ಇಲ್ಲ. ಅದಕ್ಕೇ ಇರಬೇಕು, ಸ್ಮಾರ್ಟ್ ಕ್ಲಾಸಿಗೆ ಸಿಗುವ ಪ್ರಚಾರ ಇದಕ್ಕೆ ಸಿಗುವುದಿಲ್ಲ.

ಮುಂದೆ ಏನಾಗಬಹುದು?

ಈಗಿನ ದಾರಿಯಲ್ಲೇ ಹೋದರೆ ಮೊದಲ ಪರಿಣಾಮ ಅಸಮಾನತೆಯದು. ಶಿಕ್ಷಕರು ಸಾಕಷ್ಟಿರುವ, ಆಸಕ್ತ ಮುಖ್ಯಶಿಕ್ಷಕರಿರುವ ಶಾಲೆಗಳು ಹೊಸ ಸಾಧನದಿಂದ ನಿಜವಾಗಿ ಲಾಭ ಪಡೆಯುತ್ತವೆ. ಅದೇ ಸಾಧನ ಏಕೋಪಾಧ್ಯಾಯ ಶಾಲೆಗೆ ಹೋದರೆ ಮಕ್ಕಳನ್ನು ಕೂರಿಸಿಡುವ ವಸ್ತುವಾಗುತ್ತದೆ. ಎಲ್ಲರಿಗೂ ಒಂದೇ ವಸ್ತು ಕೊಟ್ಟ ಮೇಲೂ ಅಂತರ ಹೆಚ್ಚುತ್ತದೆ.

ಎಐ ಬಂದ ಮೇಲೆ ಈ ಪ್ರಶ್ನೆ ಇನ್ನೂ ತೀಕ್ಷ್ಣವಾಗಿದೆ. ಟರ್ಕಿಯಲ್ಲಿ ಸುಮಾರು ಸಾವಿರ ಹೈಸ್ಕೂಲು ಮಕ್ಕಳ ಮೇಲೆ ನಡೆದ ಪ್ರಯೋಗ ಕಣ್ಣು ತೆರೆಸುವಂಥದ್ದು. ಗಣಿತದ ಅಭ್ಯಾಸಕ್ಕೆ ಸಾದಾ ಚಾಟ್‌ಬಾಟ್ ಸಿಕ್ಕ ಮಕ್ಕಳು ಅಭ್ಯಾಸದಲ್ಲಿ, ಅದು ಸಿಗದವರಿಗಿಂತ ಶೇ. 48ರಷ್ಟು ಹೆಚ್ಚು ಚೆನ್ನಾಗಿ ಮಾಡಿದರು. ಅದನ್ನು ತೆಗೆದು ಪರೀಕ್ಷೆ ಕೊಟ್ಟಾಗ, ಚಾಟ್‌ಬಾಟ್ ಇಲ್ಲದೆ ಅಭ್ಯಾಸ ಮಾಡಿದವರಿಗಿಂತ ಶೇ. 17ರಷ್ಟು ಕಡಿಮೆ ಅಂಕ ತೆಗೆದರು. ಉತ್ತರ ಕೊಡದೆ ಸುಳಿವು ಮಾತ್ರ ಕೊಡುವಂತೆ, ಶಿಕ್ಷಕರ ಸಲಹೆ ಪಡೆದು ರೂಪಿಸಿದ್ದ ಚಾಟ್‌ಬಾಟ್ ಬಳಸಿದವರಲ್ಲಿ ಈ ನಷ್ಟ ಬಹುಮಟ್ಟಿಗೆ ಕಾಣಲಿಲ್ಲ. ಮಗು ಉತ್ಸಾಹದಿಂದ ಬಳಸುತ್ತಿದೆ, ಲೆಕ್ಕಗಳು ಸರಿ ಬರುತ್ತಿವೆ, ಆದರೂ ಕಲಿಯುತ್ತಿಲ್ಲ. ತರಗತಿಯಲ್ಲಿ ನಿಂತು ನೋಡುವವರಿಗೆ ಇದು ಕಾಣುವುದೇ ಇಲ್ಲ.

3ನೇ ತರಗತಿಯಿಂದ ಬರುವ ಪಠ್ಯಕ್ರಮ ಮಕ್ಕಳಿಗೆ ಕ್ರಮವಾಗಿ ಯೋಚಿಸುವುದನ್ನು, ಒಗಟು ಬಿಡಿಸುವುದನ್ನು ಕಲಿಸಿದರೆ ಒಳ್ಳೆಯದೇ. ಅದಕ್ಕೆ ಪರದೆಯೂ ಬೇಡ. ಆದರೆ ಅದು ಎಐ ಸಾಧನ ಕೊಳ್ಳಲು ನೆಪವಾದರೆ, ಓದಲು ಬಾರದ ಮಗುವಿನ ದಿನದಿಂದ ಇನ್ನೊಂದು ಪೀರಿಯಡ್ ಹೋಗುತ್ತದೆ. ಮಕ್ಕಳ ಮಾಹಿತಿಯ ಪ್ರಶ್ನೆಯೂ ಇದೆ. 2023ರ ವೈಯಕ್ತಿಕ ಡಿಜಿಟಲ್ ದತ್ತಾಂಶ ಕಾಯ್ದೆ 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಕೇಳುತ್ತದೆ. ಉಚಿತವಾಗಿ ಸಿಕ್ಕ ಆ್ಯಪ್ ಅನ್ನು ಶಾಲೆಗೆ ತರುವ ಮೊದಲು ಇದನ್ನು ವಿಚಾರಿಸಿಕೊಳ್ಳಬೇಕು.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರಿಗೆ, ದಾನಿಗಳಿಗೆ ಮತ್ತು ಖರೀದಿಗೆ ಸಹಿ ಹಾಕುವ ಅಧಿಕಾರಿಗಳಿಗೆ ಈ ಪುರಾವೆಗಳಿಂದ ಕೆಲವು ನೇರ ಕೆಲಸಗಳು ಸಿಗುತ್ತವೆ. ಸಾಧನದ ಬೆಲೆಯ ಜೊತೆಗೆ ಐದು ವರ್ಷದ ದುರಸ್ತಿ, ಕರೆಂಟ್ ಮತ್ತು ಇಂಟರ್ನೆಟ್ ಖರ್ಚನ್ನೂ ಎತ್ತಿಡಬೇಕು. ತರಬೇತಿ ಬಟನ್ ಒತ್ತುವುದರ ಬಗ್ಗೆ ಮಾತ್ರ ಇರದೆ, ಆ ವಿಷಯ ಕಲಿಸುವುದರ ಬಗ್ಗೆ ಇರಬೇಕು. ಸಾಫ್ಟ್‌ವೇರ್ ಕನ್ನಡದಲ್ಲಿರಬೇಕು. ಮಗು ಯಾವ ಮಟ್ಟದಲ್ಲಿದೆ ಎಂದು ಅದು ಮೊದಲು ಪರೀಕ್ಷಿಸಬೇಕು. ಫಲವನ್ನು ಅಳೆಯುವುದು ಮೊದಲ ತಿಂಗಳಲ್ಲಿ ಬೇಡ, ಅದು ಹೊಸತನದ ಕಾಲ. ಒಂದು ಶೈಕ್ಷಣಿಕ ವರ್ಷ ಮುಗಿದ ಮೇಲೆ ಅದೇ ಮಕ್ಕಳಿಗೆ ಒಂದು ಪುಟ ಓದಿಸಿ, ನಾಲ್ಕು ಭಾಗಾಕಾರ ಕೊಟ್ಟು ನೋಡಬೇಕು. ಕೊನೆಯ ಕಂತಿನ ಹಣವನ್ನು ಆ ಅಳತೆ ಮುಗಿದ ಮೇಲೇ ಬಿಡುಗಡೆ ಮಾಡುವ ಷರತ್ತನ್ನು ಟೆಂಡರ್‌ನಲ್ಲೇ ಬರೆದುಕೊಳ್ಳಲು ಸಾಧ್ಯವಿದೆ. ಪರದೆ ಗೋಡೆಗೇರಿದ ಮೇಲೆ ಕೇಳಲು ಹೋದರೆ ಆ ಹೊತ್ತಿಗೆ ಬಿಲ್ ಪಾಸಾಗಿರುತ್ತದೆ.